ಶಿರಸ್ತ್ರಾಣದ ದುಂಬಿ

ಭಾರತಯುದ್ಧದ ಲೆಕ್ಕವನ್ನು ಬಲ್ಲವರು ಒಂದು ಅಕ್ಷೌಹಿಣಿಯೆಂದರೆ 21,870 ರಥಗಳು, ಅಷ್ಟೇ ಆನೆಗಳು, 65,610 ಕುದುರೆಗಳು ಮತ್ತು 1,09,350 ಕಾಲಾಳುಗಳು ಎಂದು ಹೇಳುತ್ತಾರೆ. ಅಂಥ ಹದಿನೆಂಟು ಅಕ್ಷೌಹಿಣಿಗಳು ಕುರುಕ್ಷೇತ್ರದಲ್ಲಿ ನೆರೆದಿದ್ದುವೆಂದಮೇಲೆ ಕಾಲಾಳುಗಳ ಸಂಖ್ಯೆಯೊಂದೇ ಹತ್ತೊಂಬತ್ತು ಲಕ್ಷವನ್ನು ಮೀರಿತು. ಇಷ್ಟು ಜನರೊಳಗೆ ಕವಿ ಹೆಸರು ಹೇಳಿ ನಮಗೆ ಪರಿಚಯ ಮಾಡಿಕೊಟ್ಟವರು ಎಷ್ಟು ಮಂದಿ? ಗಮಕಿಗಳು ಕರ್ಣಪರ್ವವನ್ನು ವಾಚಿಸುತ್ತಿರುವಾಗ, ರಥದ ಗಾಲಿ ನೆಲದಲ್ಲಿ ಹೂತುಹೋಗುವ ಘಟ್ಟ ಬಂದೊಡನೆ ಸಭೆಯೆಲ್ಲ ಉಸಿರು ಬಿಗಿಹಿಡಿದು ಕೂಡುತ್ತದೆ. ಆ ಗಾಲಿಯ ಆಸುಪಾಸಿನಲ್ಲಿ ಭರ್ಜಿ ಹಿಡಿದು ನಿಂತಿದ್ದ ಸಾಮಾನ್ಯ ಭಟನ ಗತಿ ಏನಾಯಿತೆಂದು ಕೇಳಿದ ಶ್ರೋತೃವನ್ನು ನಾನು ಈವರೆಗೆ ಕಂಡಿಲ್ಲ. ಮಹಾಕಥೆಗಳ ರೀತಿಯೇ ಹಾಗೆ. ನಾಯಕನಿಗೊಂದು ವಂಶಾವಳಿ ಉಂಟು, ಪ್ರತಿನಾಯಕನಿಗೊಂದು ಶಾಪದ ಕಥೆ ಉಂಟು. ಕಾಲಾಳಿಗೆ ಇರುವುದು ಸಂಖ್ಯೆ ಮಾತ್ರ.

ಈ ಲೇಖನದ ವಿಷಯ ಅಂಥ ಒಂದು ಕಾಲಾಳು. ಜಪಾನಿನ ನಿಂಟೆಂಡೊ ಸಂಸ್ಥೆಯವರು 1986ರಿಂದ ಹೊರತರುತ್ತಿರುವ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಎಂಬ ವಿಡಿಯೊ ಗೇಮ್ ಮಾಲೆಯಲ್ಲಿ, ರಾಜಕುಮಾರಿಯನ್ನು ಸೆರೆಯಿಂದ ಬಿಡಿಸುವ ವೀರಬಾಲಕನೂ ಲೋಕಕಂಟಕನಾದ ದೈತ್ಯನೂ ಮುಖಾಮುಖಿಯಾಗುವುದಕ್ಕೆ ಬಹಳ ಮುಂಚೆ, ಯಾವುದೋ ಗೋಪುರದ ಮೊದಲ ಅಂತಸ್ತಿನಲ್ಲಿಯೋ ಯಾವುದೋ ಗುಹೆಯ ಎರಡನೆಯ ಕೋಣೆಯಲ್ಲಿಯೋ ಎದುರಾಗಿ, ಎರಡು ನಿಮಿಷ ದಾರಿ ತಡೆದು, ಆಟ ಮುಗಿಯುವ ಹೊತ್ತಿಗೆ ಆಡಿದವರ ನೆನಪಿನಿಂದ ಅಳಿಸಿಹೋಗುವ ಒಂದು ಕ್ಷುದ್ರಜಂತು ಇದೆ. ಅದರ ಹೆಸರು ಹಾರ್ಡ್‌ಹ್ಯಾಟ್ ಬೀಟಲ್. ಕಟ್ಟಡದ ಕೆಲಸಗಾರರು ಧರಿಸುವ ಗಟ್ಟಿ ಟೋಪಿಯನ್ನು ಹೊತ್ತ ದುಂಬಿ ಎಂದು ಅದರ ಅರ್ಥ. ಕೊಂಚ ಗಾಂಭೀರ್ಯ ಬೇಕೆನ್ನುವವರು ಶಿರಸ್ತ್ರಾಣದ ದುಂಬಿ ಎನ್ನಬಹುದು. ಇದರ ಚರಿತ್ರೆಯನ್ನು ಬರೆಯಲು ನಾನು ಕೈಹಾಕಿದ್ದಕ್ಕೆ ಕಾರಣ, ಇದರ ಕೈಯಲ್ಲಿ ನಾನು ಸೋತದ್ದು.

ಬೇಸಗೆಯ ರಜಕ್ಕೆ ಬಂದಿದ್ದ ಮೊಮ್ಮಗ, ಮಧ್ಯಾಹ್ನದ ಊಟವಾದಮೇಲೆ ಪಡಸಾಲೆಯ ಚಾಪೆಯ ಮೇಲೆ ಬೋರಲಾಗಿ ಮಲಗಿಕೊಂಡು, ಅಂಗೈಯಗಲದ ಯಂತ್ರವೊಂದನ್ನು ಎರಡು ಕೈಗಳಲ್ಲೂ ಹಿಡಿದು ಆಡುತ್ತಿದ್ದ. ನಾನು ಇಣುಕಿ ನೋಡಿದೆ. ಮೇಲಿನಿಂದ ಕೆಳಗೆ ನೋಡಿದಂತೆ ಚಿತ್ರಿಸಿದ ಒಂದು ಗುಹೆ. ಕಲ್ಲು ಹಾಸಿದ ಅಂಗಳ. ಅಲ್ಲಲ್ಲಿ ಕಪ್ಪಗೆ ಬಾಯ್ದೆರೆದ ಹಳ್ಳಗಳು. ಹಸುರು ಅಂಗಿಯ ಪುಟ್ಟ ವೀರನೊಬ್ಬ. ಅವನ ಕಡೆಗೆ, ಬಟ್ಟಲನ್ನು ಬೋರಲು ಹಾಕಿದಂಥ ಗುಂಡುಬೆನ್ನಿನ ಎರಡು ಪ್ರಾಣಿಗಳು, ಯಾವ ಅವಸರವೂ ಇಲ್ಲದೆ, ಸಾಲ ವಸೂಲಿಗೆ ಬಂದವರ ಹಾಗೆ, ಸಾಗಿ ಬರುತ್ತಿದ್ದುವು. “ಆಡ್ತೀಯಾ ತಾತ?” ಎಂದು ಹುಡುಗ ಯಂತ್ರವನ್ನು ನನ್ನ ಕೈಗಿತ್ತ. ನಾನು ಯಾವ ಗುಂಡಿ ಕತ್ತಿಯದೆಂದು ಕೇಳಿಕೊಂಡು, ಎದುರಿಗಿದ್ದ ದುಂಬಿಗೆ ಬಲವಾಗಿ ಒಂದು ಏಟು ಕೊಟ್ಟೆ. ಟಣ್ಣೆಂಬ ಶಬ್ದವಾಯಿತು. ದುಂಬಿ ಹಿಂದಕ್ಕೆ ಸರಿಯಿತು. ನನ್ನ ವೀರನೂ ಹಿಂದಕ್ಕೆ ಸರಿದ. ಇನ್ನೊಂದು ಏಟು, ಇನ್ನೊಂದು ಟಣ್ಣು. ಮೂರನೆಯದಕ್ಕೆ, ಬೆನ್ನ ಹಿಂದೆ ಏನಿದೆಯೆಂದು ನೋಡದೆ ಇದ್ದ ವೀರ ಹಳ್ಳಕ್ಕೆ ಬಿದ್ದ. ಅವನ ಆಯುಸ್ಸನ್ನು ಸೂಚಿಸುವ ಕೆಂಪು ಹೃದಯಗಳ ಸಾಲು ಒಂದಿಷ್ಟು ಕರಗಿತು. ಅವನು ಮತ್ತೆ ಕೋಣೆಯ ಬಾಗಿಲಲ್ಲಿ ಕಾಣಿಸಿಕೊಂಡ. ದುಂಬಿಗಳು ಮತ್ತೆ ಹೊರಟುವು.

“ತಾತ, ಸುಮ್ನೆ ಕತ್ತಿ ಬೀಸಬೇಡ. ಅದು ಸಾಯೋದಿಲ್ಲ.”

“ಹಾಗಾದರೆ ಹೊಡೆಯದೆ ಬಿಡುವುದೇನೋ?”

“ಹೊಡಿ. ಆದರೆ ಹಳ್ಳದ ಕಡೆಗೆ ಹೊಡಿ.”

ಅರುವತ್ತು ವರ್ಷಗಳ ಅನುಭವದಿಂದ ನಾನು ಕಲಿಯದಿದ್ದ ಒಂದು ವಿವೇಕ ಒಂಬತ್ತು ವರ್ಷದ ಹುಡುಗನ ಬಾಯಲ್ಲಿ ಎರಡು ಮಾತಿನಲ್ಲಿ ಮುಗಿದುಹೋಯಿತು. ಅಂದಿನಿಂದ ಈ ಜಂತುವಿನ ಪೂರ್ವೋತ್ತರಗಳನ್ನು ವಿಚಾರಿಸುವುದು ನನಗೆ ಒಂದು ಹವ್ಯಾಸವಾಯಿತು.

ಮೊದಲು ಅದರ ಹುಟ್ಟಿದ ಮನೆಯ ವಿಚಾರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, 1889ರಲ್ಲಿ, ಕ್ಯೋಟೋ ನಗರದಲ್ಲಿ ಹೂವಿನ ಚಿತ್ರಗಳ ಇಸ್ಪೀಟು ಎಲೆಗಳನ್ನು ತಯಾರಿಸುವುದಕ್ಕಾಗಿ ಆರಂಭವಾದ ನಿಂಟೆಂಡೊ, ಕಾಲಾಂತರದಲ್ಲಿ ವಿದ್ಯುದ್ಯಂತ್ರಗಳ ಆಟಕ್ಕೆ ತಿರುಗಿತು. ಅದರಲ್ಲಿ 1977ರಲ್ಲಿ ಕೆಲಸಕ್ಕೆ ಸೇರಿದ ಶಿಗೆರು ಮಿಯಾಮೊಟೊ, ಕ್ಯೋಟೋ ಪ್ರಾಂತದ ಸೊನೊಬೆ ಎಂಬ ಊರಿನಲ್ಲಿ ಬೆಳೆದವರು. ಬಾಲ್ಯದಲ್ಲಿ ಮನೆಯ ಸುತ್ತಲಿನ ಗುಡ್ಡಬಯಲುಗಳಲ್ಲಿ ಅಲೆಯುತ್ತ ಒಂದು ಗುಹೆಯನ್ನು ಕಂಡು, ಕೆಲಕಾಲ ಹಿಂಜರಿದು, ಕೊನೆಗೆ ಲಾಂದ್ರವೊಂದನ್ನು ಹಿಡಿದು ಒಳಹೊಕ್ಕ ಆ ಅನುಭವವೇ ಜೆಲ್ಡಾ ಮಾಲೆಯ ಬೀಜವೆಂದು ಅವರು ಹೇಳಿಕೊಂಡಿದ್ದಾರೆ. ಗುಹೆಯೊಳಗೆ ಕಾಲಿಟ್ಟ ಹುಡುಗನಿಗೆ ಮೊದಲು ಎದುರಾಗುವುದು ಘಟಸರ್ಪವಲ್ಲ; ಬಾವಲಿ, ಜೇಡ, ಹುಳುಹುಪ್ಪಟೆ. ಈ ಮಾಲೆಯ ಸಣ್ಣ ಶತ್ರುಗಳ ಪಟ್ಟಿಯನ್ನು ನೋಡಿದರೂ ಅದೇ ಕಾಣಬರುತ್ತದೆ.

ನಮ್ಮ ದುಂಬಿ ರಂಗವನ್ನು ಪ್ರವೇಶಿಸಿದ್ದು ಮಾಲೆಯ ಮೂರನೆಯ ಕೃತಿಯಲ್ಲಿ. ‘ಎ ಲಿಂಕ್ ಟು ದಿ ಪಾಸ್ಟ್’ ಎಂಬ ಆ ಕೃತಿ, ತಕಾಶಿ ತೆಜುಕಾ ಅವರ ನಿರ್ದೇಶನದಲ್ಲಿ, ಸೂಪರ್ ಫ್ಯಾಮಿಕಾಮ್ ಎಂಬ ಯಂತ್ರಕ್ಕಾಗಿ 1991ರ ನವೆಂಬರ್ 21ರಂದು ಜಪಾನಿನಲ್ಲಿ ಹೊರಬಂದಿತು. ಹೈರೂಲ್ ಎಂಬ ಕಲ್ಪಿತ ರಾಜ್ಯ. ಲಿಂಕ್ ಎಂಬ ಬಾಲಕ. ಜೆಲ್ಡಾ ಎಂಬ ರಾಜಕುಮಾರಿ. ಮೂರು ಪದಕಗಳನ್ನು ಗೆದ್ದ ಹೊರತು ಕೈಗೆಟುಕದ ಒಂದು ದಿವ್ಯಖಡ್ಗ. ಇವು ಕಥೆಯ ಮುಖ್ಯಾಂಗಗಳು. ಮೂರನೆಯ ಪದಕವಿರುವುದು ಡೆತ್ ಮೌಂಟನ್ ಎಂಬ ಪರ್ವತದ ನೆತ್ತಿಯ ಮೇಲಿರುವ ಹೇರಾ ಗೋಪುರದಲ್ಲಿ. ಆ ಗೋಪುರದೊಳಗೆ ನಮ್ಮ ದುಂಬಿಗಳ ವಾಸ.

ಗೋಪುರದ ರಚನೆಯನ್ನು ಸ್ವಲ್ಪ ವಿವರಿಸದಿದ್ದರೆ ದುಂಬಿಯ ಸ್ವಭಾವ ತಿಳಿಯಲಾರದು. ಅಂತಸ್ತಿನ ಮೇಲೆ ಅಂತಸ್ತಾಗಿ ಏರುವ ಕಟ್ಟಡ ಅದು. ಮೇಲಿನ ಅಂತಸ್ತಿನಲ್ಲಿ ಹಳ್ಳಕ್ಕೆ ಬಿದ್ದವನು ಸಾಯುವುದಿಲ್ಲ, ಕೆಳಗಿನ ಅಂತಸ್ತಿನಲ್ಲಿ ಹೋಗಿ ಕೂಡುತ್ತಾನೆ. ಕಷ್ಟಪಟ್ಟು ಹತ್ತಿದ ಮೆಟ್ಟಲನ್ನು ಪುನಃ ಹತ್ತಬೇಕು, ಅಷ್ಟೇ. ಬೆಟ್ಟದ ದೇವರ ದರ್ಶನಕ್ಕೆ ಮುನ್ನೂರು ಮೆಟ್ಟಲೇರಿದವನು, ಗರ್ಭಗುಡಿಯ ಬಾಗಿಲಿಗೆ ಬಂದಮೇಲೆ ಹಣ್ಣುಕಾಯಿಯ ಬುಟ್ಟಿಯನ್ನು ಕೆಳಗಿನ ಅಂಗಡಿಯಲ್ಲಿಯೇ ಬಿಟ್ಟೆನೆಂದು ನೆನೆಯುವಾಗ ಆಗುವ ಸಂಕಟವೇ ಇದು. ನೋವಿಲ್ಲ, ಗಾಯವಿಲ್ಲ, ಪಟ್ಟ ಶ್ರಮ ಮಾತ್ರ ಮಣ್ಣುಪಾಲು. ಇಂಥ ಮನೆಯಲ್ಲಿ, ಕಚ್ಚುವ ಪ್ರಾಣಿಗಿಂತ ತಳ್ಳುವ ಪ್ರಾಣಿಯೇ ಹೆಚ್ಚು ಭಯಂಕರವೆಂಬುದನ್ನು ಕಟ್ಟಿದವರು ಚೆನ್ನಾಗಿ ಅರಿತಿದ್ದರು.

ಸಾಮಾನ್ಯವಾಗಿ ಇಂಥ ಆಟಗಳಲ್ಲಿ ಏಟಿನ ನಿಯಮ ಏಕಮುಖವಾದದ್ದು. ಹೊಡೆದವನು ಅಲುಗದೆ ನಿಲ್ಲುತ್ತಾನೆ. ಹೊಡೆಸಿಕೊಂಡದ್ದು ಹಿಂದೆ ಹಾರಿ ಬೀಳುತ್ತದೆ. ಇದು ವೀರರಸಕ್ಕೆ ಒಪ್ಪತಕ್ಕದ್ದೇ ಹೊರತು ಭೌತಶಾಸ್ತ್ರಕ್ಕೆ ಒಪ್ಪತಕ್ಕದ್ದಲ್ಲ. ಏಕೆಂದರೆ ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಉಂಟೆಂದು ನ್ಯೂಟನ್ ಮಹಾಶಯ ವಿಧಿಸಿ ಮೂರು ಶತಮಾನಗಳು ಕಳೆದುವು. ಹಾರ್ಡ್‌ಹ್ಯಾಟ್ ಬೀಟಲ್ ಇದ್ದಕ್ಕಿದ್ದಂತೆ ಆ ಮರೆತ ನಿಯಮವನ್ನು ವೀರನ ಮುಂದೆ ತಂದು ನಿಲ್ಲಿಸುತ್ತದೆ. ಅದರ ಗುಂಡುಬೆನ್ನಿಗೆ ಕತ್ತಿ ತಗುಲಿತೆಂದರೆ ಇಬ್ಬರೂ ಹಿಮ್ಮೆಟ್ಟಬೇಕು. ಬಲವಂತನ ಏಟು ಬಲವಂತನಿಗೇ ಮರಳುತ್ತದೆ. ಅದರ ಬುದ್ಧಿಯೆಂಬುದೆಲ್ಲ ಎರಡು ಸೂತ್ರಗಳಲ್ಲಿ ಅಡಗಿದೆ: ಎದುರಾಳಿಯ ಕಡೆಗೆ ನಡೆ, ಏಟು ಬಿದ್ದರೆ ಸಿಡಿ. ಬಾಣವಿಲ್ಲ, ಬೆಂಕಿಯಿಲ್ಲ, ವಿಷವಿಲ್ಲ. ಬಟ್ಟಬಯಲಿನಲ್ಲಿ ಸಿಕ್ಕಿದರೆ ಈ ಪ್ರಾಣಿ ಹಾಸ್ಯಾಸ್ಪದ. ಹಳ್ಳದ ಅಂಚಿನಲ್ಲಿ ಸಿಕ್ಕಿದರೆ ಯಮದೂತ. ಪ್ರಾಣಿ ಅದೇ, ಸೂತ್ರ ಅದೇ, ವ್ಯತ್ಯಾಸವಿರುವುದು ನೆಲದಲ್ಲಿ.

ನಮ್ಮಲ್ಲಿ ಇದಕ್ಕೆ ಒಂದು ಚೊಕ್ಕವಾದ ಮಾತುಂಟು: ಸ್ಥಾನಬಲ. ಶಿವನ ಕೊರಳಲ್ಲಿದ್ದ ಹಾವು ಎದುರಿಗೆ ಬಂದ ಗರುಡನನ್ನು ‘ಕ್ಷೇಮವೇ?’ ಎಂದು ವಿಚಾರಿಸಿತೆಂಬ ಕಥೆಯನ್ನು ಹಿರಿಯರು ಹೇಳುವುದು ಇದನ್ನು ತಿಳಿಸುವುದಕ್ಕಾಗಿಯೇ. ಹಾವಿನ ಹಲ್ಲಿನಲ್ಲಿ ಇಲ್ಲದ ಧೈರ್ಯ ಅದು ಸುತ್ತಿಕೊಂಡ ಕೊರಳಿನಿಂದ ಬಂದಿತು. ಕರ್ಣನ ವಿಷಯದಲ್ಲಿ ಇದರ ವಿಪರ್ಯಾಸವನ್ನು ಕಾಣಬಹುದು: ಎದುರಿಗೆ ಗಾಂಡೀವವನ್ನು ಹಿಡಿದವನಿದ್ದರೂ ಅವನನ್ನು ಮೊದಲು ಕೆಡಹಿದ್ದು ಕಾಲಡಿಯ ನೆಲ. ಶಾಪದ ಮೂಲಕವೋ ದೈವದ ಮೂಲಕವೋ ನೆಲವೇ ಶತ್ರುಪಕ್ಷಕ್ಕೆ ಸೇರಿತೆಂದರೆ ಮಹಾರಥಿಯ ಶೌರ್ಯ ಎಷ್ಟಿದ್ದರೇನು? ಈ ದುಂಬಿಯ ಕಲ್ಪನೆಯಲ್ಲಿ ಅಡಗಿರುವ ಚಾತುರ್ಯವೂ ಇದೇ. ಅದು ಆಡುವವನ ದೃಷ್ಟಿಯನ್ನು ಎದುರಾಳಿಯಿಂದ ಬಿಡಿಸಿ, ತಾನು ನಿಂತ ನೆಲದ ಕಡೆಗೆ ತಿರುಗಿಸುತ್ತದೆ.

ಹೀಗೆ ತಿರುಗಿಸುವುದರಲ್ಲಿ ಒಂದು ಉದ್ದೇಶವೂ ಇದ್ದಂತೆ ತೋರುತ್ತದೆ. ಹೇರಾ ಗೋಪುರದ ನೆತ್ತಿಯಲ್ಲಿ ಕಾದಿರುವ ದೊಡ್ಡ ಶತ್ರು, ಹುಡುಗರ ಭಾಷೆಯಲ್ಲಿ ‘ಬಾಸ್’, ಮೋಲ್ಡಾರ್ಮ್ ಎಂಬ ಮಹಾಕ್ರಿಮಿ. ಸರಪಣಿಯಂತೆ ಗುಂಡುಗುಂಡಾದ ಅಂಗಗಳುಳ್ಳ ಅದಕ್ಕೆ ಮರ್ಮಸ್ಥಾನವೆಂದರೆ ಬಾಲದ ತುದಿ ಒಂದೇ. ಅದು ಹೊರಳಾಡುವ ಜಗಲಿಗೆ ಅಂಚಿನಲ್ಲಿ ಗೋಡೆಯಿಲ್ಲ. ಮೈ ತಗುಲಿಸಿಕೊಂಡ ವೀರ ಜಗಲಿಯಿಂದ ಆಚೆಗೆ ಸಿಡಿದು ಕೆಳಗಿನ ಅಂತಸ್ತಿಗೆ ಬೀಳುತ್ತಾನೆ. ಅವನು ಏದುಸಿರು ಬಿಡುತ್ತ ಮೇಲೇರಿ ಬರುವಷ್ಟರಲ್ಲಿ ಮೋಲ್ಡಾರ್ಮ್ ತನಗಾದ ಗಾಯಗಳನ್ನೆಲ್ಲ ನೀಗಿಕೊಂಡು ಮೊದಲಿನಂತಾಗಿರುತ್ತದೆ. ಈ ಆಟವನ್ನು ಬಾಲ್ಯದಲ್ಲಿ ಆಡಿದವರನ್ನು ಕೇಳಿದರೆ, ಇಂದಿಗೂ ಹಲ್ಲು ಕಡಿಯುತ್ತ ನೆನೆಯುವ ಪ್ರಸಂಗಗಳಲ್ಲಿ ಇದೊಂದು. ಈಗ ಕೆಳಗಿನ ಅಂತಸ್ತುಗಳ ದುಂಬಿಯನ್ನು ಮತ್ತೊಮ್ಮೆ ನೋಡೋಣ. ತಗುಲಿದರೆ ಸಿಡಿಯುವುದು, ಸಿಡಿದರೆ ಬೀಳುವುದು, ಬೀಳದಿರಬೇಕಾದರೆ ಹೊಡೆಯುವ ಮೊದಲು ಬೆನ್ನ ಹಿಂದಿನ ನೆಲವನ್ನು ನೋಡಿಕೊಳ್ಳುವುದು: ಮಹಾಕ್ರಿಮಿ ಕೇಳಲಿರುವ ಪ್ರಶ್ನೆಗಳನ್ನೆಲ್ಲ ದುಂಬಿ ಮುಂಚಿತವಾಗಿ, ಸಣ್ಣ ಅಕ್ಷರದಲ್ಲಿ, ಅಗ್ಗದ ದಂಡಕ್ಕೆ ಕೇಳಿಬಿಟ್ಟಿರುತ್ತದೆ. ದೊಡ್ಡ ಪರೀಕ್ಷೆಗೆ ಮುನ್ನ ಮಗ್ಗಿ ಒಪ್ಪಿಸಿಕೊಳ್ಳುವ ಕೂಲಿಮಠದ ಐಗಳ ಪಾತ್ರ ಅದರದು.

ಇದು ಒಂದು ಸಲದ ಯೋಗಾಯೋಗವೆನ್ನೋಣವೆಂದರೆ, ಎರಡು ವರ್ಷಗಳ ತರುವಾಯ ಬಂದ ಕೃತಿಯಲ್ಲಿಯೂ ಇದೇ ಜೋಡಿ ಕಾಣುತ್ತದೆ. ಕೈಯಲ್ಲಿ ಹಿಡಿದು ಆಡುವ ಗೇಮ್‌ಬಾಯ್ ಯಂತ್ರಕ್ಕಾಗಿ 1993ರಲ್ಲಿ ಬಂದ ‘ಲಿಂಕ್ಸ್ ಅವೇಕನಿಂಗ್’ ಮೊದಲಾದದ್ದು, ಕೆಲಸದ ವೇಳೆ ಮುಗಿದಮೇಲೆ ಕೆಲವರು ಗೆಳೆಯರು ಸೇರಿ ಹವ್ಯಾಸಕ್ಕಾಗಿ ನಡೆಸಿದ ಪ್ರಯೋಗದಿಂದ. ಕೊಹೊಲಿಂಟ್ ಎಂಬ ಕನಸಿನ ದ್ವೀಪದ ಮೇಲೆ ನಡೆಯುವ ಅದರ ಕಥೆಯಲ್ಲಿ ಮೊಟ್ಟಮೊದಲ ಗುಹೆಯ ಹೆಸರು ಟೇಲ್ ಕೇವ್. ಅಲ್ಲಿ ಹಳ್ಳಗಳ ನಡುವೆ ನಮ್ಮ ದುಂಬಿಗಳಿವೆ. ಗುಹೆಯ ಕೊನೆಯಲ್ಲಿ ಅಂಚಿಗೆ ಹಳ್ಳವಿರುವ ಕೋಣೆಯೊಳಗೆ ಅದೇ ಮೋಲ್ಡಾರ್ಮ್ ಇದೆ. ಒಂದು ಬದಲಾವಣೆಯನ್ನು ಮಾತ್ರ ಗಮನಿಸಬೇಕು. ಹೇರಾ ಗೋಪುರದ ದುಂಬಿಯನ್ನು ಪಟ್ಟುಹಿಡಿದು ಹೊಡೆಯುತ್ತ ಹೋದರೆ ಕೊನೆಗೊಮ್ಮೆ ಸಾಯುತ್ತಿತ್ತು. ಟೇಲ್ ಕೇವಿನ ದುಂಬಿಗೆ ಕತ್ತಿ ನಾಟುವುದೇ ಇಲ್ಲ. ಹಿಂದಿನ ಕೃತಿಯಲ್ಲಿ ಹಟಮಾರಿಗೂ ಒಂದು ದಾರಿಯನ್ನು ತೆರೆದಿಟ್ಟವರು, ಇದರಲ್ಲಿ ಆ ಬಾಗಿಲನ್ನು ಮುಚ್ಚಿ, ಗುಂಡಿಗೆ ನೂಕುವ ಉಪಾಯವೊಂದನ್ನೇ ಉಳಿಸಿದರು. ನಾನು ಸೋತದ್ದು ಈ ಕೃತಿಯನ್ನು 2019ರಲ್ಲಿ ಹೊಸ ಯಂತ್ರಕ್ಕೆ ಹೊಸ ಚಿತ್ರಗಳೊಡನೆ ರೂಪಿಸಿದ ಆವೃತ್ತಿಯಲ್ಲಿ. ಚಿತ್ರ ಹೊಸದು; ಗುಂಡಿಯ ನ್ಯಾಯ ಹಳೆಯದು.

ಇಂಥ ಸಣ್ಣ ಪ್ರಾಣಿಗಳ ಹಿಂದೆ ದಾರಿದ್ರ್ಯದ ಪ್ರೇರಣೆಯೂ ಉಂಟೆಂಬುದನ್ನು ಮರೆಯಬಾರದು. ‘ಎ ಲಿಂಕ್ ಟು ದಿ ಪಾಸ್ಟ್’ ಎಂಬ ಸಮಗ್ರ ಪ್ರಪಂಚ, ಅದರ ಕಾಡು, ಮರಳುಗಾಡು, ಅರಮನೆ, ಸಂಗೀತ, ಸಂಭಾಷಣೆಗಳೆಲ್ಲವೂ ಸೇರಿ, ಹಿಡಿದದ್ದು ಒಂದು ಮೆಗಾಬೈಟಿನಷ್ಟು ಜಾಗದಲ್ಲಿ. ಇಂದು ಕೈಯ ಫೋನಿನಲ್ಲಿ ಮದುವೆಯ ಊಟದ ಎಲೆಯ ಚಿತ್ರವೊಂದನ್ನು ತೆಗೆದರೂ ಅದಕ್ಕಿಂತ ಹೆಚ್ಚು ಜಾಗ ಬೇಕು. ತೆರೆಯ ವಿಸ್ತಾರ ಅಡ್ಡಕ್ಕೆ 256, ಉದ್ದಕ್ಕೆ 224 ಚುಕ್ಕೆ. ಚಿತ್ರಗಳನ್ನೆಲ್ಲ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಬಿಲ್ಲೆಗಳನ್ನಾಗಿ ಒಡೆದು, ಅವನ್ನು ಕೂಡಿಸಿ ಆಕೃತಿಗಳನ್ನು ಕಟ್ಟಬೇಕು. ಚಲಿಸುವ ಒಂದು ಆಕೃತಿಯ ಬಣ್ಣದ ತಟ್ಟೆಯಲ್ಲಿ ಹದಿನೈದು ಬಣ್ಣಗಳಿಗೆ ಮಾತ್ರ ಎಡೆ. ರಂಗೋಲಿಯ ಚುಕ್ಕೆಯಿಟ್ಟು ಎಳೆ ಎಳೆಯುವ ಹೆಂಗಸರಿಗೆ ಈ ಕಷ್ಟವೂ ಅದರ ಸೊಗಸೂ ಬೇಗ ಅರ್ಥವಾದಾವು.

ಈ ಜಿಪುಣ ಸಂಸಾರದಲ್ಲಿ ದುಂಬಿಯಂಥ ಸೊಸೆ ಸಿಕ್ಕುವುದು ಪುಣ್ಯ. ಗುಂಡಗಿನ ಮೈಗೆ ಹಿಂದುಮುಂದಿನ ಗೊಡವೆ ಕಡಮೆ. ವೀರನನ್ನು ಚಿತ್ರಿಸುವಾಗ ಎದುರು, ಬೆನ್ನು, ಮಗ್ಗುಲುಗಳೆಂದು ಪ್ರತ್ಯೇಕವಾಗಿ ಬರೆಯಬೇಕಾದ ಶ್ರಮ ಗುಮ್ಮಟಕ್ಕೆ ಬೇಡ. ಒಂದು ಗುಮ್ಮಟ, ಅದರಡಿ ಒಂದು ಜೊತೆ ಕಣ್ಣು, ಹೆಜ್ಜೆ ಹಾಕುವಂತೆ ತೋರುವ ಪಾದ: ಇಷ್ಟಾದರೆ ಪ್ರಾಣಿಯಾಯಿತು. ಬಣ್ಣದ ತಟ್ಟೆಯೊಂದನ್ನು ಬದಲಾಯಿಸಿದರೆ, ಒಂದೇ ಅಚ್ಚನ್ನು ಬೇರೆ ಬಣ್ಣದಲ್ಲಿ ಅದ್ದಿ ಒತ್ತಿದ ಸೀರೆಯ ಹಾಗೆ, ಅದೇ ಪ್ರಾಣಿ ಕೆಂಪಾಗಿಯೂ ನೀಲಿಯಾಗಿಯೂ ಅವತರಿಸುತ್ತದೆ. ನುಣುಪಾದ ಗುಮ್ಮಟದ ಮೇಲೆ ಬಿಳಿಯ ಚುಕ್ಕೆಗಳೆರಡನ್ನು ಹೊಳಪಿಗಾಗಿ ಇಟ್ಟರೆ, ‘ಇದು ಗಟ್ಟಿ, ಇದರ ಮೇಲೆ ಬಿದ್ದದ್ದು ಪುಟಿಯುತ್ತದೆ’ ಎಂದು ಕಣ್ಣಿಗೆ ತಾನಾಗಿ ತಿಳಿಯುತ್ತದೆ. ವಿವರಣೆಗಾಗಿ ಒಂದಕ್ಷರವನ್ನೂ ವ್ಯಯಮಾಡಬೇಕಾದ್ದಿಲ್ಲ. ಇದೇ ಸಂಸ್ಥೆಯ, ಇದೇ ಮಿಯಾಮೊಟೊ ಮತ್ತು ತೆಜುಕಾ ಅವರ ಕೈವಾಡದ, 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದಲ್ಲಿ ಬಜೀ ಬೀಟಲ್ ಎಂಬ ಇನ್ನೊಂದು ದುಂಬಿಯುಂಟು. ಮಾರಿಯೊ ಎಸೆಯುವ ಬೆಂಕಿಯ ಚೆಂಡು ಅದರ ಚಿಪ್ಪಿಗೆ ತಾಕುವುದಿಲ್ಲ. ಜಪಾನೀ ಭಾಷೆಯಲ್ಲಿ ಅದರ ಹೆಸರು ‘ಮೆಟ್ಟೊ’. ಹೆಲ್ಮೆಟ್ ಎಂಬ ಮಾತಿನ ಬಾಲ ಅದು. ದುಂಬಿಯನ್ನು ಕಂಡೊಡನೆ ಶಿರಸ್ತ್ರಾಣವನ್ನು ನೆನೆಯುವುದು ಆ ದೇಶದವರ ಕಣ್ಣಿಗೆ ಸಹಜವೆಂದು ಇದರಿಂದ ಊಹಿಸಬಹುದು.

ಊಹೆಯೇ ಬೇಡ, ಪ್ರಮಾಣವೇ ಇದೆ. ಜಪಾನಿನ ಮಕ್ಕಳು ಬೇಸಗೆಯಲ್ಲಿ ಹಿಡಿದು ತಂದು ಪೆಟ್ಟಿಗೆಯಲ್ಲಿ ಸಾಕುವ ಕೊಂಬಿನ ದುಂಬಿಗೆ ಅವರ ನುಡಿಯಲ್ಲಿ ‘ಕಬುತೊಮುಶಿ’ ಎಂದು ಹೆಸರು. ಕಬುತೊ ಎಂದರೆ ಸಮುರಾಯಿ ಯೋಧರ ಶಿರಸ್ತ್ರಾಣ, ಮುಶಿ ಎಂದರೆ ಹುಳು. ಇನ್ನು ಇಂಗ್ಲಿಷಿನ ‘ಹಾರ್ಡ್‌ಹ್ಯಾಟ್’ ಎಂಬ ಮಾತಿನ ಚರಿತ್ರೆಯನ್ನು ಹಿಡಿದು ಹೋದರೂ ಯುದ್ಧಭೂಮಿಯೇ ಸಿಕ್ಕುತ್ತದೆ. ಮೊದಲ ಮಹಾಯುದ್ಧದಿಂದ ಹಿಂತಿರುಗಿದ ಅಮೆರಿಕದ ಎಡ್ವರ್ಡ್ ಬುಲಾರ್ಡ್ ಎಂಬವರು, ತಾವು ಧರಿಸಿದ್ದ ಉಕ್ಕಿನ ಶಿರಸ್ತ್ರಾಣದ ನೆನಪಿನಿಂದ, ದಪ್ಪ ಬಟ್ಟೆಯನ್ನು ಹಬೆಯಲ್ಲಿ ಬೇಯಿಸಿ ಅಂಟಿನಿಂದ ಗಟ್ಟಿಮಾಡಿ, ಗಣಿಯ ಕೂಲಿಗಾರರಿಗಾಗಿ 1919ರಲ್ಲಿ ಟೋಪಿಯೊಂದನ್ನು ಸಿದ್ಧಪಡಿಸಿದರು. ಯೋಧನ ತಲೆಯಿಂದ ಕೂಲಿಗಾರನ ತಲೆಗೆ ಇಳಿದ ಈ ವಸ್ತು, ಗುಹೆಯೊಳಗಿನ ಹುಳುವಿನ ಬೆನ್ನಿಗೆ ಬಂದು ಸೇರಿದ್ದು ಉಚಿತವಾಗಿಯೇ ಇದೆ. ದೊಡ್ಡವರ ಯುದ್ಧದಲ್ಲಿ ದಿನಗೂಲಿಗೆ ದುಡಿಯುವ ಕಾಲಾಳಲ್ಲವೆ ಅದು?

ನಿಜವಾದ ದುಂಬಿಗಳ ಪ್ರಪಂಚ ಆಟದವರ ಕಲ್ಪನೆಗಿಂತ ಬಡವಾದದ್ದೇನಲ್ಲ. ಶಾಸ್ತ್ರಜ್ಞರು ಈ ಗಣವನ್ನು ಕೋಲಿಯಾಪ್ಟೆರಾ ಎನ್ನುತ್ತಾರೆ. ಗ್ರೀಕಿನಲ್ಲಿ ಕೋಲಿಯೋಸ್ ಎಂದರೆ ಕತ್ತಿಯ ಒರೆ, ಪ್ಟೆರಾನ್ ಎಂದರೆ ರೆಕ್ಕೆ. ಇವುಗಳ ಮುಂದಿನ ಜೊತೆ ರೆಕ್ಕೆಗಳು ಹಾರುವ ಕೆಲಸವನ್ನು ಬಿಟ್ಟು, ಗಡುಸಾಗಿ, ಹಿಂದಿನ ಜೊತೆಯ ನವುರಾದ ರೆಕ್ಕೆಗಳಿಗೆ ಒರೆಯಾದುವು. ಹಾರಾಟದಲ್ಲಿ ಕೊಂಚ ಚುರುಕನ್ನು ಕಳೆದುಕೊಂಡು ಅದಕ್ಕೆ ಬದಲಾಗಿ ಕವಚವನ್ನು ಪಡೆದ ಈ ವ್ಯಾಪಾರದಿಂದ ಅವುಗಳಿಗೆ ನಷ್ಟವಾಗಲಿಲ್ಲ; ಮನುಷ್ಯ ಹೆಸರಿಟ್ಟು ಗುರುತಿಸಿರುವ ದುಂಬಿಯ ಜಾತಿಗಳೇ ನಾಲ್ಕು ಲಕ್ಷಕ್ಕೆ ಸಮೀಪವಾಗಿವೆ. ಅಮೆರಿಕದ ನೈಋತ್ಯ ಭಾಗದಲ್ಲಿ, ಮರದ ತೊಗಟೆಯಡಿಯಲ್ಲಿ ವಾಸಿಸುವ ‘ಐರನ್‌ಕ್ಲ್ಯಾಡ್’ ಎಂಬ ಒಂದು ದುಂಬಿಯಂತೂ ಹಾರುವುದನ್ನೇ ಬಿಟ್ಟಿದೆ. ಅದರ ಬೆನ್ನಿನ ಎರಡು ಚಿಪ್ಪುಗಳು ಮಧ್ಯದಲ್ಲಿ ಒಂದರ ಹಲ್ಲು ಇನ್ನೊಂದರ ಸಂದಿಗೆ ಕೂಡುವಂತೆ, ಬಡಗಿ ಹಾಕಿದ ಬೆಸುಗೆಯ ಹಾಗೆ ಹೆಣೆದುಕೊಂಡಿವೆ. ತನ್ನ ತೂಕದ ಸುಮಾರು 39,000 ಪಾಲು ಭಾರವನ್ನು ಅದು ತಾಳಿಕೊಳ್ಳಬಲ್ಲುದೆಂದು 2020ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಸತ್ತ ಕೀಟಗಳನ್ನು ಸೂಜಿಯಿಂದ ಚುಚ್ಚಿ ಸಂಗ್ರಹಿಸುವವರಿಗೆ ಇದೊಂದು ತಲೆನೋವು, ಸೂಜಿ ಬಾಗುತ್ತದೆಯೇ ಹೊರತು ಚಿಪ್ಪಿಗೆ ಇಳಿಯುವುದಿಲ್ಲ. ಲಿಂಕನ ಕತ್ತಿಯ ಟಣ್ಣೆಂಬ ಶಬ್ದ ನಿರಾಧಾರವಾದದ್ದಲ್ಲ.

ಆದರೆ ನನ್ನನ್ನು ಇದಕ್ಕಿಂತ ಹೆಚ್ಚಾಗಿ ಬೆರಗುಗೊಳಿಸಿದ್ದು ಕಬುತೊಮುಶಿಯ ಮಲ್ಲಯುದ್ಧ. ಓಕ್ ಜಾತಿಯ ಮರಗಳ ಕಾಂಡದಲ್ಲಿ ಗಾಯವಾದೆಡೆ ಜಿನುಗುವ ರಸ ಅವಕ್ಕೆ ಆಹಾರ. ಹೆಣ್ಣುಗಳು ಬಂದು ಸೇರುವುದೂ ಅಲ್ಲಿಗೇ. ಆದಕಾರಣ ಆ ರಸದ ತಾಣಕ್ಕಾಗಿ ಗಂಡುಗಳು ಕಾದಾಡುತ್ತವೆ. ಕಾದಾಟವೆಂದರೆ ಕಡಿದಾಟವಲ್ಲ. ತಲೆಯ ಮೇಲಿನ ಕವಲುಕೊಂಬನ್ನು ಎದುರಾಳಿಯ ಹೊಟ್ಟೆಯಡಿಗೆ ತೂರಿಸಿ, ಹಾರೆಯಿಂದ ಕಲ್ಲನ್ನು ಮೀಟುವ ಹಾಗೆ ಮೀಟಿ, ಅವನ ಉಗುರುಗಳು ತೊಗಟೆಯಿಂದ ಕಿತ್ತುಬಂದ ಕ್ಷಣದಲ್ಲಿ ಮರದಿಂದ ಕೆಳಕ್ಕೆ ಒಗೆದುಬಿಡುವುದು. ಅಲ್ಲಿಗೆ ಯುದ್ಧ ಮುಗಿಯಿತು. ಬಿದ್ದವನು ಸತ್ತಿಲ್ಲ, ಸ್ಥಾನಭ್ರಷ್ಟನಾಗಿದ್ದಾನೆ, ಅಷ್ಟು ಸಾಕು. ಹೇರಾ ಗೋಪುರದ ನಿಯಮಕ್ಕೂ ಮರದ ಮೇಲಿನ ಈ ನಿಯಮಕ್ಕೂ ಎಷ್ಟು ಹತ್ತಿರದ ಬಾಂಧವ್ಯ! ಆಟವನ್ನು ರಚಿಸಿದವರು ಇದನ್ನು ನೋಡಿಯೇ ಅದನ್ನು ಕಲ್ಪಿಸಿದರೆಂದು ನಾನು ಸಾಧಿಸಹೊರಟಿಲ್ಲ. ಕವಚವನ್ನು ಹೊತ್ತ ಇಬ್ಬರಲ್ಲಿ ಯಾರೂ ಯಾರನ್ನೂ ಇರಿಯಲಾರದ ಸ್ಥಿತಿಯುಂಟಾದಾಗ, ಗೆಲ್ಲುವುದಕ್ಕೆ ಉಳಿಯುವ ಮಾರ್ಗ ಕಾಲಡಿಯ ನೆಲವನ್ನು ತಪ್ಪಿಸುವುದೊಂದೇ. ಆ ತರ್ಕ ಮರದ ಮೇಲೂ ನಿಜ, ಗಾಜಿನ ತೆರೆಯ ಮೇಲೂ ನಿಜ.

ಈ ಕಬುತೊಮುಶಿಯ ದಾಯಾದಿಯೊಬ್ಬನನ್ನು ನಮ್ಮ ಕರಾವಳಿಯ ತೆಂಗಿನ ತೋಟದವರು ಚೆನ್ನಾಗಿ ಬಲ್ಲರು. ಅವರು ಅದನ್ನು ಕುರುವಾಯಿ ಎನ್ನುತ್ತಾರೆ. ಇನ್ನೂ ಬಿಚ್ಚದ ಸುಳಿಯನ್ನು ಅದು ಕೊರೆದು ಹೋಗಿರುತ್ತದೆ. ತಿಂಗಳುಗಳು ಕಳೆದು ಗರಿ ಬಿಚ್ಚಿಕೊಂಡಾಗ, ಮಗು ಕಾಗದವನ್ನು ಮಡಿಸಿ ಕತ್ತರಿ ಆಡಿಸಿದಂತೆ ಎರಡು ಕಡೆಯಲ್ಲೂ ಸಮನಾಗಿ ಮುಕ್ಕಾದ ಗರಿ ಕಾಣುತ್ತದೆ. ತೋಟದವರು ಕಬ್ಬಿಣದ ಕೊಕ್ಕೆಯನ್ನು ತೂತಿನೊಳಗೆ ಬಿಟ್ಟು ಅದನ್ನು ಎಳೆದು ತೆಗೆಯುವರು. ಅದರ ಮರಿಹುಳುಗಳು ಬೆಳೆಯುವ ಗೊಬ್ಬರದ ಗುಂಡಿಯನ್ನು ಆಗಾಗ ಕೆದಕಿ ನೋಡುವರು. ಬೆನ್ನಿನ ಮೇಲೆ ಹೊಡೆಯುವ ಬುದ್ಧಿ ಅವರಿಗೂ ಇಲ್ಲ. ಹುಳುವಿಗಿಂತ ಹುಳುವಿನ ನೆಲೆಯನ್ನು ಹಿಡಿಯಬೇಕೆಂಬ ಪಾಠವನ್ನು ಅವರು ಯಾವ ಆಟದ ಯಂತ್ರದಿಂದಲೂ ಕಲಿಯಬೇಕಾಗಿರಲಿಲ್ಲ.

ಮುಂದಿನ ಕೃತಿಗಳಲ್ಲಿಯೂ ಈ ದುಂಬಿಗೆ ಆಗಾಗ ಕರೆ ಬಂದಿದೆ. ಕ್ಯಾಪ್‌ಕಾಮ್ ಸಂಸ್ಥೆ ನಿಂಟೆಂಡೊಗಾಗಿ ರಚಿಸಿಕೊಟ್ಟ 2001ರ ‘ಒರಾಕಲ್’ ಜೋಡಿಕೃತಿಗಳಲ್ಲಿ ಅದು ಇತ್ತು. ಹಳೆಯ ಹೈರೂಲಿಗೆ ಮರಳಿದ 2013ರ ‘ಎ ಲಿಂಕ್ ಬಿಟ್ವೀನ್ ವರ್ಲ್ಡ್ಸ್’ನಲ್ಲಿಯೂ ಇತ್ತು. ಇಷ್ಟು ವರ್ಷಗಳಲ್ಲಿ ಅದಕ್ಕೆ ಬಡ್ತಿಯಾಗಲಿಲ್ಲ. ಕಥೆಯಲ್ಲಿ ಒಂದು ಮಾತೂ ಸಿಕ್ಕಲಿಲ್ಲ. ಅದನ್ನು ಗೆದ್ದುದಕ್ಕಾಗಿ ಯಾವ ವೀರನಿಗೂ ಪದಕ ದೊರೆಯಲಿಲ್ಲ. ಗೋಪುರ ಎಲ್ಲಿಯೋ ಅಲ್ಲಿ ಅದು, ಹಳ್ಳ ಎಲ್ಲಿಯೋ ಅಲ್ಲಿ ಅದು.

ರಜ ಮುಗಿಯುವ ಮುನ್ನಾದಿನ ಮಧ್ಯಾಹ್ನ ಮೊಮ್ಮಗ ಮತ್ತೆ ಯಂತ್ರವನ್ನು ನನ್ನ ಕೈಗೆ ಕೊಟ್ಟ. ಅದೇ ಗುಹೆ, ಅದೇ ಕೋಣೆ; ಒಳಹೊಕ್ಕೊಡನೆ ದುಂಬಿಗಳೆರಡೂ, ಹಿಂದೆ ನಮ್ಮ ನಡುವೆ ಏನೂ ನಡೆದೇ ಇಲ್ಲವೆಂಬಂತೆ, ಹೊರಟುವು. ಈ ಸಲ ನಾನು ಕತ್ತಿಯ ಗುಂಡಿಯ ಮೇಲಿಂದ ಬೆರಳನ್ನು ತೆಗೆದೆ. ವೀರನನ್ನು ಗೋಡೆಯ ಬದಿಯಿಂದ ನಿಧಾನವಾಗಿ ಸುತ್ತುಹಾಕಿಸಿ, ಅವನ ಬೆನ್ನಿಗೆ ಗೋಡೆಯೂ ದುಂಬಿಯ ಬೆನ್ನಿಗೆ ಹಳ್ಳವೂ ಬರುವಂತೆ ನಿಲ್ಲಿಸಿದೆ. ದುಂಬಿ ತನ್ನ ವಾಡಿಕೆಯಂತೆ, ಯಾವ ಅನುಮಾನವೂ ಇಲ್ಲದೆ, ನಡೆದು ಬಂದಿತು. “ಈಗ,” ಎಂದ ಹುಡುಗ. ಒಂದೇ ಏಟು. ಟಣ್ಣೆಂದಿತು. ನಾನು ಗೋಡೆಗೆ ಒರಗಿದೆ. ಅದು ಹಿಂದಕ್ಕೆ ಜಾರಿ, ಅಂಚಿನಲ್ಲಿ ಒಂದು ಕ್ಷಣ ಕಾಲು ಬಡಿದು, ಕಪ್ಪಿನೊಳಗೆ ಸಣ್ಣದಾಗುತ್ತ ಇಳಿದುಹೋಯಿತು.

“ಸರಿಯಾಗಿ ಹೊಡೆದೆ ತಾತ,” ಎಂದು ಅವನು ಬೆನ್ನು ತಟ್ಟಿದ. ಹೊಡೆದದ್ದು ಮೊದಲಿನಷ್ಟೇ ಬಲವಾಗಿ. ನಿಂತದ್ದು ಮಾತ್ರ ಬೇರೆ ಕಡೆ.